ಎಕ್ಕದ ಎಲೆ ಮತ್ತು ಬೆನ್ನಿನ ಸೂಜಿ

ನನ್ನ ಬಲಗಾಲಿನ ಮಂಡಿ ಕೊಯ್ದು, ಸವೆದ ಮೂಳೆ ತೆಗೆದು, ಹೊಸ ಕೀಲು ಕೂರಿಸುವಷ್ಟು ಹೊತ್ತೂ ನಾನು ಎಚ್ಚರವಾಗಿದ್ದೆ. ಈ ಮಾತು ಹೇಳಿದರೆ ರವಿಕೆ ಹೊಲಿಸಲು ಬಂದ ಹೆಂಗಸರು ಅಳತೆ ಕೊಡುವುದನ್ನೂ ಮರೆತು ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. "ಅಯ್ಯೋ ದೇವುಡಾ, ಎಲ್ಲಾ ನೋಡ್ತಾ ಇದ್ರಾ ಅಕ್ಕಾ?" ಅನ್ನುತ್ತಾರೆ. ನೋಡಲಿಲ್ಲ, ಎದೆಯ ಹತ್ತಿರ ಹಸಿರು ಬಟ್ಟೆಯ ಪರದೆ ಕಟ್ಟಿದ್ದರು. ಆದರೆ ಕೇಳಿಸಿಕೊಂಡೆ. ನನ್ನದೇ ಮೂಳೆಯ ಮೇಲೆ ಸುತ್ತಿಗೆ ಬೀಳುವ ಸದ್ದು ಕೇಳುತ್ತಾ, ಚೂರೂ ನೋವಿಲ್ಲದೆ, ಡಾಕ್ಟ್ರಮ್ಮನ ಜೊತೆ ಲೈನಿಂಗ್ ಬಟ್ಟೆಯ ವಿಷಯ ಮಾತಾಡುತ್ತಾ ಮಲಗಿದ್ದೆ. ಇವತ್ತಿಗೂ ನನಗೇ ನಂಬಿಕೆ ಬರುವುದಿಲ್ಲ.

ಶ್ರೀನಿವಾಸಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೈಲರ್ ಅಂಗಡಿ. ಮದುವೆಯಾಗಿ ಬಂದ ಹೊಸತರಲ್ಲಿ ಕೊಂಡ ಹೊಲಿಗೆ ಮಿಷನ್ ತುಳಿಯುತ್ತಲೇ ನನಗೆ ಅರವತ್ತು ದಾಟಿತು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಬೀದಿಗೆಲ್ಲ ಗೊತ್ತು. ಹಬ್ಬದ ಹಿಂದಿನ ದಿನ ಬಟ್ಟೆ ತಂದು "ನಾಳೆ ಬೆಳಿಗ್ಗೆ ಕೊಟ್ಬಿಡಿ" ಅನ್ನುವವರನ್ನು ಕಂಡರೆ ಕೋಪ ಬಾರದೆ ಮುತ್ತು ಕೊಡಬೇಕೆ? ಎಲ್ಲರನ್ನೂ ಬೈದು ದಾರಿಗೆ ತಂದಿದ್ದೇನೆ. ಮಂಡಿಯೊಂದು ಮಾತ್ರ ಬೈಗುಳಕ್ಕೆ ಬಗ್ಗಲಿಲ್ಲ. ಕೂತರೆ ಏಳಲು ಬಿಡದು, ಎದ್ದರೆ ಕೂರಲು ಬಿಡದು. ಮೋಟಾರು ಹಾಕಿಸಿದೆ, ಆದರೂ ಬಚ್ಚಲಿಗೆ ಹೋಗಿ ಬರುವುದೇ ಒಂದು ಯಾತ್ರೆಯಾಯಿತು. ಕೊನೆಗೆ ನಮ್ಮೆಜಮಾನರು, "ಇನ್ನು ನಿನ್ನ ಹಟ ಸಾಕು, ಕೋಲಾರಕ್ಕೆ ಹೋಗೋಣ" ಅಂದರು.

ಆಪರೇಷನ್ನಿಗೆ ನಾನು ಹೆದರಲಿಲ್ಲ. ಬಟ್ಟೆ ಕತ್ತರಿಸುವವಳಿಗೆ ಕತ್ತರಿಯ ಭಯ ಇರುವುದಿಲ್ಲ. ನಾನು ಹೆದರಿದ್ದು ಮತ್ತಿಗೆ, ಅಂದರೆ ಅರಿವಳಿಕೆಗೆ. ಅದಕ್ಕೆ ಕಾರಣ ನನ್ನ ಅಕ್ಕ.

ಅಕ್ಕನನ್ನು ಯಲ್ದೂರಿಗೆ ಕೊಟ್ಟಿದೆ, ಮಾವಿನ ತೋಪಿನ ಮನೆಗೆ. ನನಗಿಂತ ಹತ್ತು ವರ್ಷ ದೊಡ್ಡವಳು. ಅಮ್ಮ ಹೊಲಕ್ಕೆ ಹೋದಾಗ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿದವಳು ಅವಳೇ. ಮಂಡಿ ನೋವು ನಮ್ಮಿಬ್ಬರಿಗೂ ತವರಿನಿಂದ ಬಂದ ಆಸ್ತಿ. ಕೆಲವು ವರ್ಷಗಳ ಹಿಂದೆ ಅವಳು ಬೇರೊಂದು ಆಸ್ಪತ್ರೆಯಲ್ಲಿ ಮಂಡಿ ಬದಲಾಯಿಸಿಕೊಂಡಳು. "ನಂಗೇನೂ ಗೊತ್ತಾಗಬಾರದು ಸ್ವಾಮಿ, ಪೂರ್ತಿ ಮಲಗ್ಸಿಬಿಡಿ" ಅಂತ ತಾನೇ ಹಟ ಹಿಡಿದಳು. ಮಲಗಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು, ಸಂಜೆ ನನ್ನ ಕೈ ಹಿಡಿದು ಮಾತಾಡಿದಳು.

ಮಾರನೆಯ ದಿನ ಮಧ್ಯಾಹ್ನ ನಾನು ಗಂಜಿ ಹಿಡಿದು ಹೋದಾಗ ನನ್ನನ್ನೇ ದುರುಗುಟ್ಟಿ ನೋಡಿದಳು. "ಯಾರಿವಳು? ನನ್ನ ಓಲೆ ಕದ್ದವಳೆ, ಕಳ್ಳಿ! ಆಚೆಗೆ ಕಳ್ಸಿ ಇವಳ್ನ!" ಅಂತ ವಾರ್ಡಿಗೆಲ್ಲ ಕೇಳುವಂತೆ ಕೂಗಿದಳು. ಆಪರೇಷನ್ನಿಗೆ ಮುಂಚೆ ಅವಳ ವಜ್ರದ ಓಲೆ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದರು, ಅದು ನನ್ನ ಪರ್ಸಿನಲ್ಲೇ ಇತ್ತು. "ನಾನು ಕಣೇ, ನಿನ್ನ ತಂಗಿ" ಅಂದರೆ ನನ್ನ ಕೈ ಪರಚಿದಳು. ಅಲ್ಲಿದ್ದವರೆಲ್ಲ ನನ್ನತ್ತ ತಿರುಗಿ ನೋಡಿದರು. ನಾನು ಆಚೆ ಬಂದು ಗೋಡೆಗೆ ಒರಗಿ ಅತ್ತೆ. 

ಕೆಲವು ದಿನ ಹಾಗೇ ಇದ್ದಳು. ಆಮೇಲೊಂದು ಬೆಳಿಗ್ಗೆ ಏನೂ ಆಗದವಳ ಹಾಗೆ, "ಉಪ್ಪಿಟ್ಟು ತಿಂದು ತಿಂದು ನಾಲಗೆ ಸತ್ತೋಯ್ತು, ಮುದ್ದೆ ಬಸ್ಸಾರು ತರಬಾರದೇನೇ?" ಅಂದಳು. ನಮಗೆಲ್ಲ ಹೋದ ಜೀವ ಬಂತು. ಆ ದಿನಗಳ ಮಾತನ್ನು ನಾವ್ಯಾರೂ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಆದರೆ ಅವಳಿಗೆ ಅಷ್ಟಿಷ್ಟು ನೆನಪಿದೆ ಅನ್ನುವುದು ನನಗೆ ಗೊತ್ತಿತ್ತು. ನನ್ನ ಕೈಯ ಪರಚು ಗಾಯ ಕಂಡಾಗೆಲ್ಲ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಈಗ ನನ್ನ ಸರದಿ. ನನಗೆ ಚಿಕ್ಕಂದಿನಿಂದ ದಮ್ಮು ಬೇರೆ, ಮೂಗಿಗೆ ಹತ್ತಿಯ ಜುಂಗು ಹೋದರೆ ಸಾಕು, ಎದೆ ಸಿಳ್ಳೆ ಹಾಕುತ್ತದೆ. ಪೂರ್ತಿ ಮಲಗಿಸಿದರೆ ಉಸಿರು ವಾಪಸು ಬರುತ್ತದೋ ಇಲ್ಲವೋ, ಬಂದರೂ ನಾನು ನಾನಾಗಿ ಏಳುತ್ತೇನೋ ಇಲ್ಲವೋ. ಸರಿ, ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವ ಇನ್ನೊಂದು ದಾರಿ ಇದೆಯಂತೆ ಅಂದರೆ, ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಬೆನ್ನು ತೋರಿಸಿದರು. "ಹೆರಿಗೆ ಆಪರೇಷನ್ನಿಗೆ ಹಾಕಿದ ಸೂಜಿ ಅಕ್ಕಾ, ಇವತ್ತಿಗೂ ಬಗ್ಗಕ್ಕಾಗಲ್ಲ" ಅಂದರು. ಬಗ್ಗದ ಬೆನ್ನು ಇಟ್ಟುಕೊಂಡು ಟೈಲರ್ ಏನು ಮಾಡುತ್ತಾಳೆ? ಈ ಕಡೆ ತಲೆ, ಆ ಕಡೆ ಬೆನ್ನು. ಯಾವುದನ್ನು ಉಳಿಸಿಕೊಳ್ಳಲಿ ಅಂತ ತಲೆ ಕೆಟ್ಟು ಹೋಯಿತು.

ಕೋಲಾರದ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ತಾರೀಖು ಕೊಟ್ಟರು. "ಅದಕ್ಕೂ ಮುಂಚೆ ಅನಸ್ತೇಷಿಯಾ ಡಾಕ್ಟ್ರನ್ನ ನೋಡಿ" ಅಂತ ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಕೂತಿದ್ದವರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಮುಳಬಾಗಿಲು ಕಡೆಯವರು, ದೇವರಾಯಸಮುದ್ರದ ಹತ್ತಿರವಂತೆ. ಕನ್ನಡದಲ್ಲಿ ಶುರುವಾದ ಮಾತು ತೆಲುಗಿಗೆ ಜಾರಿ ಮತ್ತೆ ಕನ್ನಡಕ್ಕೆ ಬರುತ್ತಿತ್ತು, ಥೇಟ್ ನಮ್ಮ ಮನೆಯ ಹಾಗೆ. ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಒಂದು ಕೊಳವೆ ಊದಿಸಿದರು. ನಾನು ಊದಿದ್ದು ನೋಡಿ ಹುಬ್ಬು ಗಂಟಿಕ್ಕಿಕೊಂಡರು.

"ನೋಡಮ್ಮಾ, ಪೂರ್ತಿ ಮತ್ತು ಕೊಟ್ರೆ ಗಂಟಲಲ್ಲಿ ಕೊಳವೆ ಇಳಿಸಿ ಉಸಿರಾಟನ ಮಿಷನ್ನಿಗೆ ಒಪ್ಪಿಸ್ತೀವಿ. ತುಂಬಾ ಜನಕ್ಕೆ ಅದರಿಂದ ಏನೂ ತೊಂದರೆ ಇಲ್ಲ. ಆದ್ರೆ ನಿಮ್ಮ ಎದೆ ಸೂಕ್ಷ್ಮ. ಆ ಕೊಳವೆಗೇ ಅದು ರೇಗಬಹುದು, ಆಮೇಲೆ ಕಫ ಕಟ್ಟಿ ಸೋಂಕಾಗಬಹುದು. ಬೆನ್ನಿನ ಸೂಜಿ ಆದ್ರೆ ನಿಮ್ಮ ಉಸಿರು ನೀವೇ ಆಡ್ತೀರಿ. ರಕ್ತ ಹೋಗೋದೂ ಸ್ವಲ್ಪ ಕಡಿಮೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಭಯಾನೂ ಸ್ವಲ್ಪ ಕಡಿಮೆ. ನಿಮಗೆ ಅದೇ ಮೇಲು."

ನಾನು ಅಕ್ಕನ ಕಥೆ ಹೇಳಿದೆ. ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದಳು. ತಲೆ ಬಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಡಾಕ್ಟ್ರಮ್ಮ ಅವಳನ್ನೇ ನೋಡುತ್ತಾ, ತೆಲುಗಿನಲ್ಲಿ ದೊಡ್ಡಮ್ಮ ಅಂತ ಕರೆದು ಹೇಳಿದರು, "ಅದು ನಿಮ್ಮ ತಪ್ಪಲ್ಲ ಪೆದ್ದಮ್ಮಾ. ವಯಸ್ಸಾದವರಿಗೆ ಆಗುತ್ತೆ. ಮತ್ತಿನ ಮೇಲೇ ಪೂರ್ತಿ ಹಾಕಕ್ಕೂ ಆಗಲ್ಲ. ನೋವು, ನಿದ್ದೆ ಇಲ್ಲದಿರೋದು, ಮಾತ್ರೆಗಳು, ಹೊಸ ಜಾಗ, ಎಲ್ಲಾ ಸೇರಿರುತ್ತೆ." ಆಮೇಲೆ ನನ್ನ ಕಡೆ ತಿರುಗಿ, "ಬೆನ್ನಿನ ಸೂಜಿ ತಗೊಂಡವರಿಗೂ ಹಂಗಾಗೋದುಂಟು. ಆಗೋದೇ ಇಲ್ಲ ಅಂತ ನಾನು ಮಾತು ಕೊಡಲ್ಲ" ಅಂದರು.

ಮಾತು ಕೊಡಲ್ಲ ಅಂದ ಆ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು. ನಾನೂ ಗಿರಾಕಿಗಳಿಗೆ "ಬಣ್ಣ ಬಿಡಲ್ಲ ಅಂತ ಗ್ಯಾರಂಟಿ ಕೊಡಲ್ಲ" ಅನ್ನುವವಳೇ. ಆದರೂ ಬೆನ್ನಿನ ಚಿಂತೆ ಬಿಡಲಿಲ್ಲ. "ಎಷ್ಟನೇ ನಂಬರ್ ಸೂಜಿ?" ಅಂದೆ. ಡಾಕ್ಟ್ರಮ್ಮ ನಕ್ಕೇಬಿಟ್ಟರು. ನಾನು ಟೈಲರ್ ಅಂತ ಗೊತ್ತಾದ ಮೇಲೆ ಡ್ರಾಯರಿನಿಂದ ಒಂದು ಪ್ಯಾಕೆಟ್ ತೆಗೆದು, ಮುಚ್ಚಿದ ಹಾಗೇ ನನ್ನ ಕೈಗೆ ಕೊಟ್ಟರು. ಪ್ಲಾಸ್ಟಿಕ್ಕಿನ ಮೇಲಿಂದಲೇ ನೋಡಿದೆ. ಉದ್ದಕ್ಕೆ, ತಲೆಗೂದಲಿನ ಹಾಗಿದೆ. ನಮ್ಮಲ್ಲಿ ನಂಬರು ಏರಿದಷ್ಟೂ ಸೂಜಿ ದಪ್ಪ, ಅವರಲ್ಲಿ ನಂಬರು ಏರಿದಷ್ಟೂ ಸಣ್ಣದಂತೆ. "ಬೆನ್ನುಹುರಿ ಸುತ್ತ ಒಂದು ಚೀಲ ಇದೆಯಮ್ಮಾ, ಅದರೊಳಗೆ ನೀರು. ತೂತು ದೊಡ್ಡದಾದ್ರೆ ನೀರು ಸೋರಿ ತಲೆನೋವು ಬರುತ್ತೆ. ಅದಕ್ಕೇ ಈ ಸೂಜಿ ತುದಿ ಚೂಪಾಗಿಲ್ಲ ನೋಡಿ. ಚೀಲದ ಎಳೆ ಕುಯ್ಯಲ್ಲ, ಎಳೆಗಳನ್ನ ಪಕ್ಕಕ್ಕೆ ಸರಿಸಿ ಒಳಗೆ ಹೋಗುತ್ತೆ. ತೆಗೆದ ಮೇಲೆ ಎಳೆ ಮತ್ತೆ ಕೂಡ್ಕೊಳ್ಳುತ್ತೆ."

ನಾನು ಕುರ್ಚಿಯಿಂದ ಏಳಲು ಹೋಗಿ, ಮಂಡಿ ಹಿಡಿದು ಮತ್ತೆ ಕೂತೆ. "ನಮ್ಮ ಬನಿಯನ್ ಬಟ್ಟೆ ಸೂಜಿ!" ಅಂದೆ. ಹೆಣೆದ ಬಟ್ಟೆಗೆ ಚೂಪು ಸೂಜಿ ಹಾಕಿದರೆ ಎಳೆ ತುಂಡಾಗಿ ಬಟ್ಟೆ ಉದ್ದಕ್ಕೂ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ತುದಿ ಗುಂಡಗಿರುವ ಸೂಜಿ ಬೇಕು, ಅದು ಎಳೆಗಳ ನಡುವೆ ನುಸುಳಿ ಹೋಗುತ್ತದೆ. ಆ ಯುಕ್ತಿ ಬಟ್ಟೆಗೆ ಮಾತ್ರ ಅಂದುಕೊಂಡಿದ್ದೆ. ಮನುಷ್ಯರ ಬೆನ್ನೊಳಗೂ ನೇಯ್ದ ಹಾಗೆ ಎಳೆಗಳಿವೆ, ಅವನ್ನು ನೋಯಿಸದೆ ದಾಟಿ ಹೋಗುವ ಸೂಜಿಯನ್ನು ಯಾರೋ ಕೂತು ಯೋಚಿಸಿ ಮಾಡಿದ್ದಾರೆ ಅಂದಾಗ ನನ್ನ ಮೈ ಜುಮ್ ಎಂದಿತು. ಬೆನ್ನುನೋವಿನ ವಿಷಯ ಕೇಳಿದ್ದಕ್ಕೆ, "ಚುಚ್ಚಿದ ಜಾಗ ಒಂದೆರಡು ದಿನ ನೋಯಬಹುದು. ವರ್ಷಗಟ್ಟಲೆ ಬರೋ ನೋವಿಗೆ ಬಸಿರು, ಮಗು ಎತ್ತೋದು, ಬಗ್ಗಿ ಮಾಡೋ ಕೆಲಸ ಕಾರಣ. ಬೈಗುಳ ಮಾತ್ರ ನಮ್ಮ ಸೂಜಿಗೆ" ಅಂದರು. ನಾನು ಒಪ್ಪಿ ಬಂದೆ.

ಒಪ್ಪದವಳು ಅಕ್ಕ. ಬಸ್ಸಿನಲ್ಲಿ ಕೋಲಾರದಿಂದ ಶ್ರೀನಿವಾಸಪುರದವರೆಗೂ ಅವಳದು ಒಂದೇ ರಾಗ. "ಡಾಕ್ಟ್ರು ಹೇಳ್ತಾರೆ ಕಣೇ. ಬೀದಿ ಹೆಂಗಸ್ರೆಲ್ಲ ಸುಳ್ಳು ಹೇಳ್ತಾರಾ?" ಅಡ್ಮಿಟ್ ಆಗುವ ಹಿಂದಿನ ದಿನ ಮಧ್ಯಾಹ್ನ ಯಲ್ದೂರಿನಿಂದ ಒಂದು ಚೀಲ ಹಿಡಿದು ಬಂದಳು. ಒಳಗೆ ಎಕ್ಕದ ಎಲೆ, ಹರಳೆಣ್ಣೆ, ಹಳೇ ಸೀರೆಯ ತುಂಡು. ನಮ್ಮ ಕಡೆ ನೋವು ಅಂದರೆ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ ಶಾಖ ಕೊಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ಬಾರದ ನೋವಿಗೆ ಮುಂಚಿತವಾಗಿ ಶಾಖ ಕೊಡುವುದನ್ನು ನಾನು ಕಂಡದ್ದು ಅದೇ ಮೊದಲು.

"ಬೆನ್ನು ತೋರ್ಸೇ" ಅಂದಳು. "ಸೂಜಿ ಚುಚ್ಚೋ ಜಾಗನ ಮುಂಚೇನೇ ಕಾಸಿಟ್ರೆ ನೋವು ಒಳಕ್ಕೆ ಇಳಿಯಲ್ಲ."

"ನಿನ್ನ ತಲೆ! ಯಾರು ಹೇಳಿದ್ದು ಇದನ್ನ?"

"ಊರ್ಕೋ, ಹೇಳಿದಷ್ಟು ಕೇಳು. ಚಿಕ್ಕೋಳಾಗಿದ್ದಾಗ ಎಷ್ಟು ಸಲ ಕಟ್ಟಿಲ್ಲ ನಿಂಗೆ?"

ಅಕ್ಕ ನನ್ನನ್ನು "ಊರ್ಕೋ" ಅಂದು ಬಾಯಿ ಮುಚ್ಚಿಸಿದರೆ ನಾನು ಈಗಲೂ ಆರು ವರ್ಷದವಳೇ. ಬೋರಲು ಮಲಗಿದೆ. ಎಲೆಯ ಮೇಲೆ ಎಲೆ ಜೋಡಿಸಿ, ಸೀರೆಯ ತುಂಡಿನಿಂದ ಸೊಂಟಕ್ಕೆ ಬಿಗಿದು ಕಟ್ಟಿದಳು. "ಬೆಳಿಗ್ಗೆವರೆಗೂ ಬಿಚ್ಚಬೇಡ" ಅಂದಳು. ಎಲೆ ಸರಿಯಾಗಿ ಬಾಡಿರಲಿಲ್ಲವೋ, ತೊಟ್ಟಿನ ಹಾಲು ಸೋರಿತೋ, ಸ್ವಲ್ಪ ಹೊತ್ತಿಗೆ ಉರಿ ಶುರುವಾಯಿತು. "ಉರೀತಿದೆ ಕಣೇ" ಅಂದರೆ, "ಉರೀಲಿ, ಕೆಲಸ ಮಾಡ್ತಿದೆ" ಅಂದಳು. ಬೆಳಿಗ್ಗೆ ಬಿಚ್ಚಿ ಸ್ನಾನ ಮಾಡಿದೆ. ನನ್ನ ಬೆನ್ನು ನನಗೆ ಕಾಣುವುದಿಲ್ಲವಲ್ಲ. ಕಂಡ ಅಕ್ಕ "ಸ್ವಲ್ಪ ಕೆಂಪಗಾಗಿದೆ, ಅಷ್ಟೇ" ಅಂದಳು.

ಆಸ್ಪತ್ರೆಯಲ್ಲಿ ಗೌನು ತೊಡಿಸಿ ಮಲಗಿಸಿದ ಮೇಲೆ ಡಾಕ್ಟ್ರಮ್ಮ ಬಂದರು. ಬೆನ್ನಿನ ಬಟ್ಟೆ ಸರಿಸಿದರು. ಆಮೇಲೆ ನಿಧಾನಕ್ಕೆ, "ಇದೇನಮ್ಮಾ ಇದು?" ಅಂದರು. ಫೋನಿನಲ್ಲಿ ಫೋಟೋ ತೆಗೆದು ನನಗೇ ತೋರಿಸಿದರು.  ಸೊಂಟದ ನಡುವೆ ಅಂಗೈಯಗಲ ಚರ್ಮ ಸುಟ್ಟು, ನೀರುಗುಳ್ಳೆ ಎದ್ದು, ಎರಡು ಕಡೆ ಒಡೆದು ರಸ ಸೋರುತ್ತಿತ್ತು. ಸೂಜಿ ಹೋಗಬೇಕಾದದ್ದು ಸರಿಯಾಗಿ ಅಲ್ಲಿಗೇ.

"ಇದರ ಮೂಲಕ ಸೂಜಿ ಹಾಕಿದ್ರೆ ಇಲ್ಲಿರೋ ಕೊಳೆ ಸೀದಾ ಬೆನ್ನುಹುರಿ ನೀರಿಗೆ ಹೋಗುತ್ತೆ. ಅಲ್ಲಿ ಸೋಂಕಾದ್ರೆ ಮಂಡಿ ಮಾತಿರಲಿ, ಪ್ರಾಣಕ್ಕೇ ಕಷ್ಟ. ನಾನು ಹಾಕಲ್ಲ" ಅಂದರು. "ಒಂದು ಸಂದು ಮೇಲೆ ಹಾಕಕ್ಕಾಗಲ್ವಾ?" ಅಂದೆ. "ಮೇಲೆ ಹೋದ್ರೆ ಹುರಿಯೇ ಸಿಗುತ್ತಮ್ಮಾ. ಅದು ಮುಗಿಯೋ ಕಡೆಯಿಂದ ಕೆಳಗಿನ ಜಾಗದಲ್ಲೇ ನಾವು ಚುಚ್ಚೋದು. ಅಷ್ಟು ಜಾಗಾನೂ ನೀವು ಬಿಟ್ಟಿಲ್ಲ."

ಅಷ್ಟರಲ್ಲಿ ಮೂಳೆ ಡಾಕ್ಟರೂ ಬಂದರು. ಇಬ್ಬರೂ ಬಾಗಿಲ ಹತ್ತಿರ ನಿಂತು ಮಾತಾಡಿಕೊಂಡು, ಆಮೇಲೆ ನನ್ನ ಮುಂದೆಯೇ ಹೇಳಿದರು. ದಾರಿ ಎರಡು. ಪೂರ್ತಿ ಮತ್ತು ಕೊಟ್ಟು ಅವತ್ತೇ ಮಾಡಬಹುದು, ಆದರೆ ನನ್ನ ಎದೆಗೆ ಅಪಾಯ ಹೆಚ್ಚುತ್ತದೆ, ಮೈಮೇಲೆ ಹಸಿ ಗಾಯ ಇಟ್ಟುಕೊಂಡು ಹೊಸ ಕೀಲು ಹಾಕುವುದೂ ಒಳ್ಳೆಯದಲ್ಲ. ಇಲ್ಲವೆಂದರೆ ಮನೆಗೆ ಹೋಗಿ, ಚರ್ಮ ಪೂರ್ತಿ ವಾಸಿಯಾದ ಮೇಲೆ ಬರಬೇಕು. "ನಮ್ಮಿಬ್ಬರ ಸಲಹೆ ಕಾಯೋದು. ಆದ್ರೆ ಕಾಲು ನಿಮ್ಮದು, ನೋವು ನಿಮ್ಮದು, ನೀವು ಹೇಳಿ" ಅಂದರು.

ನಾನು ಅಕ್ಕನ ಕಡೆ ನೋಡಿದೆ. ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಬಾಯಿಗೆ ಬಂದ ಬೈಗುಳವೆಲ್ಲ ನಾಲಗೆಯ ಮೇಲೆ ಸಾಲಾಗಿ ನಿಂತಿತ್ತು. ಅವಳು ಮಾತ್ರ ಡಾಕ್ಟ್ರಮ್ಮನ ಕೈ ಹಿಡಿದುಕೊಂಡು, "ಮಲಗ್ಸಬೇಡಿ ತಾಯಿ. ನನ್ನಂಗೆ ಅವಳೂ ಆಗೋದು ಬೇಡ. ನಮ್ಮನ್ನೇ ನಾವು ಮರ್ತುಬಿಡ್ತೀವಲ್ಲ, ಅದು ಬೇಡ" ಅಂದಳು. ಇಷ್ಟು ವರ್ಷದಲ್ಲಿ ಆ ವಿಷಯ ಅವಳ ಬಾಯಿಂದ ಬಂದದ್ದು ಅದೇ ಮೊದಲು. ಬೈಗುಳ ಬದಿಗಿಟ್ಟೆ. "ಕಾಯ್ತೀನಿ" ಅಂದೆ.

ಹಾಗಂತ ನಾನೇನು ದೇವತೆಯಲ್ಲ. ಮನೆಗೆ ಬಂದ ಮೇಲೆ ವಸೂಲಿ ಮಾಡಿದೆ. ಅಕ್ಕ ಯಲ್ದೂರಿನಿಂದ ದಿನಾ ಬಂದು ಡಾಕ್ಟರು ಕೊಟ್ಟ ಮುಲಾಮು ಹಚ್ಚುತ್ತಿದ್ದಳು, ನಾನು ಹಚ್ಚಿ ಮುಗಿಯುವವರೆಗೂ ಬೈಯುತ್ತಿದ್ದೆ. ಒಂದು ದಿನ ಸೆರಗಿನಿಂದ ಅರಿಶಿನದ ಪೊಟ್ಟಣ ತೆಗೆದವಳನ್ನು ಕನ್ನಡಿಯಲ್ಲಿ ಕಂಡು ನಾನು ಕೂಗಿದ ಕೂಗಿಗೆ ಎದುರು ಮನೆಯವರು ಓಡಿ ಬಂದರು. "ಚೂರು ಇಟ್ರೆ ಬೇಗ ಒಣಗುತ್ತೆ ಅಂತ..." ಅಂದಳು. "ಇನ್ನೊಂದು ಎಲೆ, ಇನ್ನೊಂದು ಪುಡಿ ನನ್ನ ಬೆನ್ನಿಗೆ ತಾಗಿದ್ರೆ ನಿನ್ನ ತೋಪಿಗೆ ಬೆಂಕಿ ಇಡ್ತೀನಿ ನೋಡು" ಅಂದೆ. ಅವಳು ಪೊಟ್ಟಣ ಮತ್ತೆ ಸೆರಗಿಗೆ ಸಿಕ್ಕಿಸಿಕೊಂಡಳು. ತೋಪಿನಲ್ಲಿ ಹೂವು ಉದುರಿ ಮಿಡಿ ಕಟ್ಟುವ ಹೊತ್ತಿಗೆ ನನ್ನ ಬೆನ್ನು ವಾಸಿಯಾಯಿತು. ಆ ದಿನಗಳಲ್ಲಿ ದಮ್ಮಿನ ಪಂಪಿನ ಔಷಧಿಯನ್ನೂ ತಪ್ಪದೆ ಎಳೆದುಕೊಂಡೆ, ಸಿಳ್ಳೆ ಅಡಗಿತು.

ಎರಡನೆಯ ಸಲ ಹೋದಾಗ ಥಿಯೇಟರಿನ ಬಾಗಿಲಲ್ಲಿ ನರ್ಸು ನನ್ನ ಒಡವೆ ಬಿಚ್ಚಿಸಿದರು. ತಾಳಿ ನಮ್ಮೆಜಮಾನರ ಕೈಗೆ ಹೋಯಿತು. ಓಲೆಯನ್ನು ಅಕ್ಕನ ಅಂಗೈಗೆ ಇಟ್ಟೆ. ಅವಳು ಅದನ್ನು ನೋಡಿ, ನನ್ನನ್ನು ನೋಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಾಲಿಮಂಚ ಒಳಗೆ ಹೋಗುವವರೆಗೂ ಆ ಗಂಟನ್ನು ಮುಷ್ಟಿಯಲ್ಲಿ ಹಿಡಿದೇ ನಿಂತಿದ್ದಳು.

ಒಳಗೆ ಚಳಿ. ಮೇಜಿನ ಅಂಚಿಗೆ ಕೂರಿಸಿ, ಕೈಗೆ ದಿಂಬು ಕೊಟ್ಟು, ಬೆಕ್ಕು ಬೆನ್ನು ಎತ್ತುವ ಹಾಗೆ ಬಗ್ಗಿ ಕೂರಲು ಹೇಳಿದರು. "ಭಯಪಡಕಂಡಮ್ಮಾ, ಹೆದರ್ಬೇಡಿ, ನಾನಿದೀನಿ" ಅಂತ ಡಾಕ್ಟ್ರಮ್ಮ ಹಿಂದಿನಿಂದ ಅಂದರು. ತಣ್ಣನೆಯ ಔಷಧಿ ಹಚ್ಚಿದರು. ಮೊದಲು ಇರುವೆ ಕಡಿದಂತೆ ಒಂದು ಚುಚ್ಚು. ಆಮೇಲೆ ಯಾರೋ ಹೆಬ್ಬೆರಳಿನಿಂದ ಒತ್ತಿದಂತಾಯಿತು, ಅಷ್ಟೇ. ನಾನು ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದೆ. "ಯಾವಾಗ ಚುಚ್ತೀರಾ?" ಅಂದೆ. "ಮುಗೀತಮ್ಮಾ" ಅಂದರು. ಇಷ್ಟಕ್ಕಾ ನನ್ನ ಬೆನ್ನು ಸುಟ್ಟುಕೊಂಡದ್ದು!

ಮಲಗಿಸಿದ ಮೇಲೆ ಸೊಂಟದಿಂದ ಕಾಲ್ಬೆರಳಿನ ತುದಿಯವರೆಗೂ ಬೆಚ್ಚಗೆ ಏನೋ ಇಳಿಯಿತು, ಬಿಸಿನೀರಿನ ಬಾನಿಯಲ್ಲಿ ಕಾಲು ಇಳಿಬಿಟ್ಟ ಹಾಗೆ. ಆ ಬಿಸಿಯ ಹಿಂದೆಯೇ ನೋವೂ ಹೋಯಿತು. ಎಷ್ಟೋ ವರ್ಷ ನನ್ನ ಜೊತೆ ಎದ್ದು ನನ್ನ ಜೊತೆ ಮಲಗಿದ ಮಂಡಿ ನೋವು, ಒಂದು ಮಾತೂ ಆಡದೆ ಎದ್ದು ಹೋಯಿತು. ನನಗೆ ಕಣ್ಣಲ್ಲಿ ನೀರು ಬಂತು. "ಕಾಲೆತ್ತಿ ನೋಡೋಣ" ಅಂದರು. ಎತ್ತಿದೆ ಅಂದುಕೊಂಡೆ, ಅದು ಅಲುಗಲಿಲ್ಲ. ಒದ್ದೆ ಹತ್ತಿಯನ್ನು ತೋಳಿಗೆ ಮುಟ್ಟಿಸಿದರು, ತಣ್ಣಗಿತ್ತು. ತೊಡೆಗೆ ಮುಟ್ಟಿಸಿದರು, ಅಲ್ಲಿ ತಣ್ಣಗೂ ಇಲ್ಲ, ಬೆಚ್ಚಗೂ ಇಲ್ಲ. ಒಂದು ಹನಿಯಷ್ಟು ಔಷಧಿ ನನ್ನನ್ನು ಸರಿಯಾಗಿ ಸೊಂಟಕ್ಕೆ ಎರಡು ಭಾಗ ಮಾಡಿಟ್ಟಿತ್ತು. ಮೇಲಿನ ಭಾಗಕ್ಕೆ ಕೋಪ, ನೆನಪು, ಅಕ್ಕನ ಚಿಂತೆ ಎಲ್ಲವೂ ಇತ್ತು. ಕೆಳಗಿನ ಭಾಗಕ್ಕೆ ಯಾವ ಚಿಂತೆಯೂ ಇರಲಿಲ್ಲ.

ಪರದೆ ಕಟ್ಟುವ ಮುಂಚೆ ಔಷಧಿ ಬಳಿಯಲು ಯಾರೋ ಒಂದು ಕಾಲು ಎತ್ತಿ ಹಿಡಿದರು. ನನ್ನ ಎರಡು ಕಾಲೂ ಮೇಜಿನ ಮೇಲೆ ನೆಟ್ಟಗೆ ಚಾಚಿಕೊಂಡಿವೆ ಅಂತಲೇ ನನಗೆ ಅನ್ನಿಸುತ್ತಿತ್ತು. ಹಾಗಾದರೆ ಗಾಳಿಯಲ್ಲಿರುವ ಇದು ಯಾರದು? ಬಿಳಚಿದ ಪಾದ, ಒಡೆದ ಹಿಮ್ಮಡಿ. ಆಮೇಲೆ ಪಾದದ ಮುಂಭಾಗದಲ್ಲಿ ಮಿಷನ್ ತುಳಿದು ತುಳಿದು ದಡ್ಡುಗಟ್ಟಿದ ಚರ್ಮ ಕಾಣಿಸಿತು. ಅಯ್ಯೋ, ನನ್ನದೇ! ನನ್ನ ಕಾಲನ್ನು ನಾನು ಯಾರೋ ಹೊರಗಿನವಳ ಹಾಗೆ ನೋಡಿದ್ದು ಅದೊಂದೇ ಸಲ. ಅಷ್ಟು ವರ್ಷ ನನ್ನನ್ನು ಹೊತ್ತು ದುಡಿದ ಕಾಲು. ಅದನ್ನು ನಾನು ಬೈದದ್ದೇ ಬೈದದ್ದು. ಆ ಗಳಿಗೆಯಲ್ಲಿ ಅದಕ್ಕೆ ಕೈ ಮುಗಿಯಬೇಕು ಅನ್ನಿಸಿತು, ಕೈಗೆ ಡ್ರಿಪ್ಸ್ ಹಾಕಿದ್ದರು.

"ತೂಕಡಿಕೆ ಬರೋ ಔಷಧಿ ಸ್ವಲ್ಪ ಕೊಡ್ಲಾ? ಸದ್ದು ಕೇಳಿಸಲ್ಲ" ಅಂದರು ಡಾಕ್ಟ್ರಮ್ಮ.

"ಬೇಡ. ನಾನು ಇಲ್ಲೇ ಇರ್ತೀನಿ" ಅಂದೆ.

ಇದ್ದೆ. ಗರಗಸ ಕೊರ್ ಎಂದಿತು. ಸುತ್ತಿಗೆ ಬಿತ್ತು. ಬಡಗಿ ಬಾಗಿಲು ಕೂರಿಸುವಾಗ ಕೇಳುತ್ತದಲ್ಲ, ಅದೇ ಸದ್ದು. ಒಂದೊಂದು ಏಟಿಗೂ ಮೇಜು ಅಲುಗಿ ನನ್ನ ತಲೆ ಅಲುಗುತ್ತಿತ್ತು, ಆದರೆ ನೋವು ಮಾತ್ರ ಎಲ್ಲೂ ಇಲ್ಲ. ಮಧ್ಯದಲ್ಲಿ ಒಮ್ಮೆ ಹೊಟ್ಟೆ ತೊಳಸಿದಂತಾಗಿ, "ಡಾಕ್ಟ್ರಮ್ಮಾ, ನಂಗ್ಯಾಕೋ..." ಅನ್ನುವಷ್ಟರಲ್ಲೇ "ಬಿಪಿ ಇಳಿದಿದೆ, ಔಷಧಿ ಕೊಟ್ಟಾಯ್ತು, ಈಗ ಸರಿಹೋಗುತ್ತೆ" ಅಂದರು. ಸರಿಹೋಯಿತು. ನಾನು ಹೇಳುವ ಮುಂಚೆಯೇ ನನ್ನ ಮೈ ಅವರಿಗೆ ಹೇಳಿತ್ತು. ಅವರು ನನ್ನ ತಲೆಯ ಹತ್ತಿರ ಕೂತು, ಕಣ್ಣನ್ನು ಮಾನಿಟರಿನ ಮೇಲೋಡುವ ಗೆರೆಗಳಿಂದ ಕೀಳದೆ, ರೇಷ್ಮೆ ರವಿಕೆಗೆ ಹತ್ತಿ ಲೈನಿಂಗ್ ಒಳ್ಳೆಯದೋ ಅಂತ ಕೇಳುತ್ತಿದ್ದರು. ನನ್ನನ್ನು ಮಾತಾಡಿಸುವುದಕ್ಕೇ ಕೇಳುತ್ತಿದ್ದಾರೆ ಅಂತ ಗೊತ್ತಿದ್ದೂ ನಾನು ಉದ್ದಕ್ಕೆ ಪಾಠ ಹೇಳಿದೆ. ನನ್ನ ಉಸಿರು ನಾನೇ ಆಡುತ್ತಿದ್ದೆ, ಎದೆ ಒಂದು ಸಿಳ್ಳೆಯನ್ನೂ ಹಾಕಲಿಲ್ಲ. ಈ ಲೋಕದಲ್ಲಿ ಎಂಥೆಂಥ ಕೈಗಳಿವೆಯಪ್ಪಾ ಅಂದುಕೊಂಡೆ. ದೇವಸ್ಥಾನದಲ್ಲೂ ನನಗೆ ಅಷ್ಟು ಭಕ್ತಿ ಬಂದಿಲ್ಲ.

ಸಂಜೆಗೆ ಕಾಲಿನ ಹೆಬ್ಬೆರಳು ಅಲುಗಿತು. ಆಮೇಲೆ ಪಾದ, ಆಮೇಲೆ ಮಂಡಿ, ಅದರ ಜೊತೆ ಹೊಸ ಗಾಯದ ನೋವು. ಅದಕ್ಕೂ ಮದ್ದು ಕೊಟ್ಟಿದ್ದರು, ತಡೆದುಕೊಳ್ಳುವಷ್ಟೇ ಇತ್ತು. ತಲೆನೋವು ಬರಲಿಲ್ಲ. ಅಕ್ಕ ಮಂಚದ ಪಕ್ಕದಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು.  ನನಗೆ ಅರ್ಥವಾಯಿತು. ಅವಳೂ ಮೊದಲ ದಿನ ಸಂಜೆ ಚೆನ್ನಾಗಿಯೇ ಇದ್ದಳು. ಕೆಟ್ಟದ್ದು ಮಾರನೆಯ ದಿನ ಮಧ್ಯಾಹ್ನ.

ಮಾರನೆಯ ದಿನ ಬೆಳಿಗ್ಗೆ ವಾಕರ್ ಕೊಟ್ಟು ನಿಲ್ಲಿಸಿದರು. ನಿಂತೆ, ಬಾಗಿಲವರೆಗೂ ನಡೆದೆ. ನಮ್ಮೆಜಮಾನರು ಖುಷಿಯಿಂದ ಕಾಫಿ ತರಲು ಹೋದರು. ಅಕ್ಕನಿಗೆ ಅದು ಯಾವುದೂ ಕಣ್ಣಿಗೆ ಬೀಳಲಿಲ್ಲ. ನನಗೂ ಒಳಗೊಳಗೇ ಅಳುಕು. ಡಾಕ್ಟ್ರಮ್ಮ ಮಾತು ಕೊಟ್ಟಿರಲಿಲ್ಲವಲ್ಲ. ಹೊಲಿಯಲು ಬಾಕಿಯಿದ್ದ ರವಿಕೆ ಯಾರ್ಯಾರದು, ಯಾರಿಗೆ ಎಷ್ಟು ಕೊರಳು ಆಳ ಅಂತ ಮನಸ್ಸಿನಲ್ಲೇ ಹೇಳಿಕೊಂಡೆ. ಎಲ್ಲವೂ ನೆನಪಿತ್ತು.

ಮಧ್ಯಾಹ್ನ ಊಟದ ತಟ್ಟೆ ಪಕ್ಕಕ್ಕಿಟ್ಟು ಅಕ್ಕ ನನ್ನ ಹತ್ತಿರ ಬಗ್ಗಿದಳು. ಅವಳ ತುಟಿ ಒಣಗಿತ್ತು.

"ಏಮೇ, ನಾನ್ಯಾರು ಹೇಳೇ?" ಅಂದಳು.

ಸುಮ್ಮನೆ ಅಕ್ಕ ಅಂದುಬಿಡಬಹುದಿತ್ತು. ಆದರೆ ನನ್ನ ಬಾಯಿ ನನ್ನ ಮಾತು ಕೇಳುವ ಬಾಯಲ್ಲ. ಅವಳನ್ನು ದುರುಗುಟ್ಟಿ ನೋಡಿ, "ಯಾರು ನೀನು? ನನ್ನ ಓಲೆ ಕದ್ದವಳೆ, ಕಳ್ಳಿ!" ಅಂದೆ.

ಅವಳ ಮುಖ ಬಿಳಿಚಿಕೊಂಡಿತು. ಕೈ ತಾನಾಗಿ ಸೆರಗಿನ ಗಂಟಿಗೆ ಹೋಯಿತು. ತಕ್ಷಣ ಅವಳ ಕೈ ಹಿಡಿದು ಎಳೆದೆ. "ನನ್ನ ಬೆನ್ನು ಸುಟ್ಟವಳು ಕಣೇ ನೀನು. ಸಾಯೋವರೆಗೂ ಮರೀತೀನಾ? ಕೊಡು ಇತ್ತ ನನ್ನ ಓಲೆ."

ಅಕ್ಕ ನನ್ನ ತೋಳಿಗೆ ಬಲವಾಗಿ ಒಂದು ಏಟು ಕೊಟ್ಟಳು. ಆಮೇಲೆ ಅದೇ ತೋಳಿಗೆ ಮುಖ ಒತ್ತಿಕೊಂಡು, ಅಷ್ಟು ವರ್ಷದ ಅಳುವನ್ನೆಲ್ಲ ಒಟ್ಟಿಗೆ ಅತ್ತಳು. "ಅವತ್ತು ನಂಗೆ ಗೊತ್ತಿರಲಿಲ್ಲ ಕಣೇ, ಅದು ನೀನು ಅಂತ ಗೊತ್ತಿರಲಿಲ್ಲ" ಅಂದಳು. "ಗೊತ್ತು ಬಿಡೇ" ಅಂದೆ. ನಾನೂ ಅಳುತ್ತಿದ್ದೆ. ಪಕ್ಕದ ಮಂಚದವರು ತಿರುಗಿ ನೋಡಿದರು, ನೋಡಿಕೊಳ್ಳಲಿ.

ಅವಳು ಮೂಗು ಒರೆಸಿಕೊಂಡು ಸೆರಗಿನ ಗಂಟು ಬಿಚ್ಚಿದಳು. ನನ್ನ ತಲೆಯನ್ನು ತನ್ನ ಕಡೆ ತಿರುಗಿಸಿ, ಚಿಕ್ಕಂದಿನಲ್ಲಿ ಜಾತ್ರೆಯ ಓಲೆ ಹಾಕುತ್ತಿದ್ದಂತೆ ಒಂದೊಂದೇ ಕಿವಿಗೆ ಓಲೆ ತೊಡಿಸಿದಳು. ತಿರುಪು ಕೂರಲು ಬಹಳ ಹೊತ್ತು ಹಿಡಿಯಿತು. ನಾನು ಬೈಯದೆ ಕಾದೆ.